ಎದುರಾಳಿಯ ಪುಸ್ತಕಕ್ಕೊಂದು ಜಾಗ

ಲೈಬ್ರರಿಯಲ್ಲಿ ಪುಸ್ತಕದ ಬೆನ್ನಿಗೆ ಅಂಟಿಸುವ ನಂಬರಿಗೂ ಒಂದು ರಾಜಕೀಯ ಇದೆ. ನಮ್ಮ ಬಹಳಷ್ಟು ಕಾಲೇಜುಗಳು ಬಳಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ 200ರಿಂದ 299ರವರೆಗಿನ ಸಂಖ್ಯೆಗಳು ಧರ್ಮಕ್ಕೆ ಮೀಸಲು. 1876ರಲ್ಲಿ ಈ ಪದ್ಧತಿಯನ್ನು ಪ್ರಕಟಿಸಿದ ಮೆಲ್ವಿಲ್ ಡ್ಯೂಯಿ ಅದರಲ್ಲಿ 220ರಿಂದ 289ರವರೆಗೆ ಬೈಬಲ್ಲಿಗೂ ಕ್ರೈಸ್ತ ಧರ್ಮಕ್ಕೂ ಕೊಟ್ಟ. ಜಗತ್ತಿನ ಉಳಿದೆಲ್ಲ ಧರ್ಮಗಳ ಪಾಲಿಗೆ ಬಂದದ್ದು 290ರ ಹತ್ತು ಮನೆ. ಬೌದ್ಧರು 294.3, ಜೈನರು 294.4, ಹಿಂದೂಗಳು 294.5, ಇಸ್ಲಾಂ 297. ಚಾಳಿನ ಒಂದೇ ಖೋಲಿಯಲ್ಲಿ ನಾಲ್ಕು ಸಂಸಾರ ಹೂಡಿದ ಹಾಗೆ.

ಆದರೆ ಭಾರತದ ಕ್ರೈಸ್ತ ದೇವಶಾಸ್ತ್ರ ಕಾಲೇಜುಗಳ ಲೈಬ್ರರಿಗೆ ಹೋಗಿ ನೋಡಿ. ಆ ಇಕ್ಕಟ್ಟಾದ ಖೋಲಿಯೇ ಅಲ್ಲಿ ಉಬ್ಬಿಕೊಂಡಿರುತ್ತದೆ. ಸಂಶೋಧನೆ ಮಾಡುತ್ತಿದ್ದ ಗೆಳೆಯನೊಬ್ಬನ ಜೊತೆ ಒಂದು ಶನಿವಾರ ಪುಣೆಯ ಇಂಥದೊಂದು ಲೈಬ್ರರಿಯಲ್ಲಿ ಅರ್ಧ ದಿನ ಕಳೆದಿದ್ದೆ. ಶಂಕರ, ರಾಮಾನುಜ, ಮಧ್ವರ ಭಾಷ್ಯಗಳು ಇರುತ್ತವೆ ಎಂದು ಗೊತ್ತಿತ್ತು. ದಯಾನಂದ ಸರಸ್ವತಿಯವರ ‘ಸತ್ಯಾರ್ಥ ಪ್ರಕಾಶ’ ಅಲ್ಲಿರುತ್ತದೆ ಎಂದುಕೊಂಡಿರಲಿಲ್ಲ. ಅದರ ಹದಿಮೂರನೆಯ ಅಧ್ಯಾಯ ಪೂರ್ತಿ ಬೈಬಲ್ಲಿನ ಖಂಡನೆ, ಅದೂ ಮುಲಾಜಿಲ್ಲದ ಖಂಡನೆ. ಅಲ್ಲೇ ಇನ್ನೊಂದು ಸಾಲಿನಲ್ಲಿ ನೀತ್ಸೆ ಇದ್ದ, ತಾನೇಕೆ ಕ್ರೈಸ್ತನಲ್ಲ ಎಂದು ಬರೆದ ಬರ್ಟ್ರಂಡ್ ರಸೆಲ್ ಇದ್ದ. ಬೆಳಗಾವಿ ಕಡೆಯ ಒಬ್ಬ ವಿದ್ಯಾರ್ಥಿ ನಮ್ಮ ಕನ್ನಡ ಕೇಳಿ ಹತ್ತಿರ ಬಂದ. ಇವೆಲ್ಲ ನಿಮ್ಮವರು ಯಾಕ್ರೀ ಇಟ್ಟಿದ್ದಾರೆ ಎಂದು ಕೇಳಿದೆ. "ಇದಕ್ಕ ಉತ್ತರಾ ಬರೀಬೇಕ್ರಿ ಸರ್, ಮೊದಲ ಓದಬೇಕಲ್ರಿ?" ಎಂದು ನಕ್ಕ.

ಆ ಉತ್ತರ ಸರಿಯೇ. ಆದರೂ ಅಷ್ಟಕ್ಕೇ ಮುಗಿಯುವುದಿಲ್ಲ. ಒಂದು ಧರ್ಮಸಂಸ್ಥೆ ತನ್ನನ್ನೇ ಖಂಡಿಸುವ ಪುಸ್ತಕವನ್ನು ದುಡ್ಡು ಕೊಟ್ಟು ಕೊಂಡು, ಅದಕ್ಕೊಂದು ನಂಬರು ಹಾಕಿ, ಗೆದ್ದಲು ತಿನ್ನದಂತೆ, ಪುಣೆಯ ಮಳೆಗಾಲದ ತೇವ ತಾಗದಂತೆ ನೋಡಿಕೊಳ್ಳುತ್ತದೆ. ಇದನ್ನು ಏನೆಂದು ಕರೆಯಬೇಕು? ಸಹನೆ ಎನ್ನೋಣವೇ, ಯುದ್ಧದ ತಯಾರಿ ಎನ್ನೋಣವೇ? ಎರಡೂ ಪೂರ್ತಿ ಒಪ್ಪುವುದಿಲ್ಲ ಎಂದು ನನಗೆ ಅನ್ನಿಸುತ್ತಿದೆ.

ಖರಾಡಿ, ವಿಮಾನನಗರದ ಕಡೆ ಕೆಲಸಕ್ಕೆ ಹೋಗುವವರು ನಗರ ರಸ್ತೆಯ ರಾಮವಾಡಿಯಲ್ಲಿ ಸಿಗ್ನಲ್ಲಿಗೆ ನಿಂತು ಬೇಸತ್ತವರೇ. ಅಲ್ಲೇ ಪೇಪಲ್ ಸೆಮಿನರಿ ಮತ್ತು ಜ್ಞಾನದೀಪ ವಿದ್ಯಾಪೀಠ ಇವೆ. ಈ ಸೆಮಿನರಿ ಹುಟ್ಟಿದ್ದು ಪುಣೆಯಲ್ಲಲ್ಲ. 1893ರಲ್ಲಿ ಹದಿಮೂರನೆಯ ಲಿಯೋ ಪೋಪ್ ಇದನ್ನು ಸಿಲೋನಿನ ಕ್ಯಾಂಡಿಯಲ್ಲಿ ಸ್ಥಾಪಿಸಿದರು. 1955ರಲ್ಲಿ ಅದು ಪುಣೆಗೆ ಬಂತು. ನಮ್ಮ ಹಾಗೆ ಅದೂ ವಲಸೆ ಬಂದದ್ದೇ. ಇಲ್ಲಿ ಪಾಠ ಮಾಡಿದವರಲ್ಲಿ ರಿಚರ್ಡ್ ಡಿ ಸ್ಮೆಟ್ ಎಂಬ ಬೆಲ್ಜಿಯಮ್ಮಿನ ಜೆಸ್ಯುಟ್ ಪಾದ್ರಿ ಒಬ್ಬರು. 1953ರಲ್ಲಿ ರೋಮಿನ ಗ್ರೆಗೋರಿಯನ್ ವಿಶ್ವವಿದ್ಯಾಲಯದಲ್ಲಿ ಅವರು ಬರೆದ ಪಿಎಚ್‌ಡಿ ಪ್ರಬಂಧದ ವಿಷಯ ಶಂಕರಾಚಾರ್ಯರು. ಶಂಕರರನ್ನು ಬರೀ ತರ್ಕಪಂಡಿತ ಎಂದು ಹೊಗಳುವವರಿಗೆ ಎದುರಾಗಿ, ಅಲ್ಲ, ಅವರು ಶ್ರುತಿಯನ್ನೇ ಆಧಾರವಾಗಿ ಹಿಡಿದವರು, ಅದನ್ನು ಬಿಟ್ಟರೆ ಶಂಕರರು ಅರ್ಥವಾಗುವುದಿಲ್ಲ ಎಂದು ವಾದಿಸಿದವರು ಈ ಪಾದ್ರಿ. 1997ರಲ್ಲಿ ತೀರಿಕೊಳ್ಳುವವರೆಗೂ ಅದ್ವೈತದ ಸಹವಾಸ ಬಿಡಲಿಲ್ಲ. ಅವರು ಅದ್ವೈತಿಯೂ ಆಗಲಿಲ್ಲ. ಪರರ ಪುಸ್ತಕ ಓದಿದರೆ ಮಕ್ಕಳು ಕೆಟ್ಟುಹೋಗುತ್ತಾರೆ ಎನ್ನುವವರು ಈ ಎರಡನೆಯ ಮಾತನ್ನು ಗಮನಿಸಬೇಕು.

ಹಾಗೆಂದು ಇದನ್ನೊಂದು ಸುಂದರ ಕಥೆ ಮಾಡುವುದೂ ಬೇಡ. ರೋಮಿನ ಚರ್ಚು 1559ರಲ್ಲಿ ನಿಷಿದ್ಧ ಗ್ರಂಥಗಳ ಪಟ್ಟಿ ಮಾಡಿತು. ಆ ಪಟ್ಟಿ ಬೆಳೆಯುತ್ತಾ ಹೋಗಿ 1966ರವರೆಗೆ ಜಾರಿಯಲ್ಲಿತ್ತು. 1827ರಲ್ಲಿ ಕಾಂಟ್‌ನ ‘ಶುದ್ಧ ವಿವೇಚನೆಯ ವಿಮರ್ಶೆ’ ಅದರಲ್ಲಿ ಸೇರಿತು. ಅಂದರೆ, ಕ್ಯಾಂಡಿಯಿಂದ ಪುಣೆಗೆ ಬಂದ ಮೇಲೂ ಹನ್ನೊಂದು ವರ್ಷ, ತತ್ತ್ವಶಾಸ್ತ್ರ ಕಲಿಯುವ ಕ್ಯಾಥೊಲಿಕ್ ವಿದ್ಯಾರ್ಥಿಯೊಬ್ಬ ಕಾಂಟ್‌ನನ್ನು ಮೂಲದಲ್ಲಿ ಓದಬೇಕೆಂದರೆ ನಿಯಮದ ಪ್ರಕಾರ ಮೇಲಿನವರ ಒಪ್ಪಿಗೆ ಬೇಕಿತ್ತು. ಇಂಥ ಪುಸ್ತಕಗಳಿಗೆ ಬೀಗ ಹಾಕಿದ ಕಪಾಟು ಇಡುವುದು ಯುರೋಪಿನ ಲೈಬ್ರರಿಗಳಲ್ಲಿ ಹಳೆಯ ರೂಢಿ. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯವಂತೂ ತನ್ನ ಅಶ್ಲೀಲ ಪುಸ್ತಕಗಳ ವಿಭಾಗಕ್ಕೆ ‘ನರಕ’ ಎಂದೇ ಹೆಸರಿಟ್ಟಿತ್ತು. ಪುಣೆಯ ಇನ್ನೊಂದು ತುದಿ ಬಿಬ್ವೇವಾಡಿಯಲ್ಲಿ, 1983ರಲ್ಲಿ ಯವತ್ಮಾಳದಿಂದ ಬಂದ ಯೂನಿಯನ್ ಬಿಬ್ಲಿಕಲ್ ಸೆಮಿನರಿ ಇದೆ. ಅದು ಪ್ರೊಟೆಸ್ಟೆಂಟರದ್ದು. ಮಾರ್ಟಿನ್ ಲೂಥರನ ಬರಹಗಳು ಆ ನಿಷಿದ್ಧ ಪಟ್ಟಿಯಲ್ಲಿ ಮೊದಲಿನಿಂದಲೂ ಇದ್ದವು. ಇಂದು ಒಂದೇ ಊರಿನ ಎರಡು ತುದಿಯಲ್ಲಿ ಇಬ್ಬರೂ ಒಬ್ಬರ ಪುಸ್ತಕವನ್ನು ಇನ್ನೊಬ್ಬರು ಓದಿಕೊಂಡು ಆರಾಮವಾಗಿದ್ದಾರೆ. ಇಟ್ಟುಕೊಳ್ಳುವುದು ಒಂದು, ಓದಲು ಕೊಡುವುದು ಇನ್ನೊಂದು. ಇವೆರಡರ ನಡುವೆ ಅವರು ನಾನೂರು ವರ್ಷ ಕಳೆದರು.

ನನ್ನೂರಿನ ಕಡೆಯ ಉದಾಹರಣೆಗೆ ಬರುತ್ತೇನೆ. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇದೆ. ಅದರ ಪತ್ರಾಗಾರದಲ್ಲಿ ತಾಳೆಗರಿಗಳಿವೆ, ಬಾಸೆಲ್ ಮಿಶನ್ ಪ್ರೆಸ್ಸಿನ ಹಳೆಯ ಮುದ್ರಣಗಳಿವೆ. ಸುರತ್ಕಲ್ಲಿನಲ್ಲಿ ಎಂಟೆಕ್ ಮಾಡುವಾಗ ಎಷ್ಟೋ ಸಲ ಆ ಗುಡ್ಡದ ಕೆಳಗೆ ಬಸ್ಸಿನಲ್ಲಿ ಹಾದುಹೋಗಿದ್ದೇನೆ. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಶನರಿಗಳ ಉದ್ದೇಶದ ಬಗ್ಗೆ ಯಾರಿಗೂ ಅನುಮಾನ ಬೇಡ. ಅವರೇ ಮುಚ್ಚಿಟ್ಟಿಲ್ಲ. ಮತಾಂತರ ಮಾಡಲು ಬಂದವರು ಅವರು. ಆದರೆ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಜೈಮಿನಿ ಭಾರತ ಮುದ್ರಿಸಿದ, ಬಸವಪುರಾಣ ಮುದ್ರಿಸಿದ, 1850ರಲ್ಲಿ ದಾಸರ ಪದಗಳನ್ನು ಮುದ್ರಿಸಿದ. ಅದಕ್ಕೆ ಹಣ ಕೊಟ್ಟದ್ದು ಕಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶ. ಕಿಟೆಲ್ ಕೇಶಿರಾಜನ ವ್ಯಾಕರಣವನ್ನೂ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿ, 1894ರಲ್ಲಿ ನಿಘಂಟು ಕೊಟ್ಟ. ಇವರಿಗೆಲ್ಲ ನಾವು ಪ್ರತಿಮೆ, ರಸ್ತೆ, ಸಂಸ್ಮರಣ ಸಂಚಿಕೆ ಮಾಡಿ ಮುಗಿಸಿದ್ದೇವೆ. ನನ್ನನ್ನು ಹೆಚ್ಚು ಕಾಡುವವನು ಮ್ಯಾನರ್. 1886ರಲ್ಲಿ ತುಳು-ಇಂಗ್ಲಿಷ್ ನಿಘಂಟು ತಂದ ಪಾದ್ರಿ, ಅದೇ ವರ್ಷ ತುಳು ಪಾಡ್ದನಗಳ ಸಂಗ್ರಹವನ್ನೂ ಅಚ್ಚು ಹಾಕಿಸಿದ. ಪಾಡ್ದನ ಎಂದರೆ ಭೂತದ ಹುಟ್ಟು, ಪ್ರಸರಣ, ಕಾರಣಿಕ. ಭೂತಾರಾಧನೆಯನ್ನು ಸೈತಾನನ ಕೆಲಸ ಎಂದು ಬೋಧಿಸುತ್ತಿದ್ದ ಮಿಶನ್ನಿನ ಪ್ರೆಸ್ಸಿನಲ್ಲೇ ಭೂತಗಳ ಕಥೆಗೆ ಮೊಳೆ ಜೋಡಿಸಲಾಯಿತು.

ನಾಶ ಮಾಡಬೇಕು ಎಂದುಕೊಂಡದ್ದನ್ನು ಮೊದಲು ಅರ್ಥಮಾಡಿಕೊಳ್ಳಲು ಹೊರಟು, ಅರ್ಥಮಾಡಿಕೊಳ್ಳಲು ಬರೆದಿಟ್ಟು, ಬರೆದಿಟ್ಟದ್ದರಿಂದ ಉಳಿಸಿಬಿಟ್ಟರು. ಇಲ್ಲಿ ಪುಣ್ಯ ಯಾರದು? ಉದ್ದೇಶ ನೋಡಿ ತೀರ್ಪು ಕೊಡುವವರು, ಅವರಿಗೆ ಕೃತಜ್ಞತೆ ಯಾಕೆ ಬೇಕು ಎನ್ನುತ್ತಾರೆ. ಫಲ ನೋಡುವವರು ಉದ್ದೇಶ ಯಾರಿಗೆ ಬೇಕು ಎನ್ನುತ್ತಾರೆ. ನನಗೆ ಇಬ್ಬರ ಮಾತೂ ಪೂರ್ತಿ ಸಾಲದು. ನಡುವೆ ಒಂದು ಕೆಲಸ ನಡೆದಿದೆ, ಅದಕ್ಕೆ ಅದರದೇ ಒಂದು ನೀತಿ ಇದೆ. ಮೊಳೆ ಜೋಡಿಸುವವನು ಪಾಡ್ದನದ ಸಾಲನ್ನು ತನಗೆ ಬೇಕಾದ ಹಾಗೆ ತಿದ್ದಬಹುದಿತ್ತು, ಅರ್ಧ ಬಿಡಬಹುದಿತ್ತು. ಇದ್ದದ್ದನ್ನು ಇದ್ದ ಹಾಗೆ ಇಡಬೇಕು ಎನ್ನುವ ಹಟ ಬೇರೆ, ಅದನ್ನು ಏತಕ್ಕಾಗಿ ಇಡುತ್ತೇನೆ ಎನ್ನುವುದು ಬೇರೆ. ಮೊದಲನೆಯದು ಕೈಯ ಪ್ರಾಮಾಣಿಕತೆ. ಕೈ ಪ್ರಾಮಾಣಿಕವಾಗಿದ್ದರೆ ಮನಸ್ಸಿನ ಉದ್ದೇಶ ನೂರು ವರ್ಷದಲ್ಲಿ ಸವೆದುಹೋಗುತ್ತದೆ, ಕೆಲಸ ಉಳಿಯುತ್ತದೆ.

ಇದಕ್ಕೆ ನಮ್ಮಲ್ಲೇ ಒಂದು ಹೆಸರು ಇದೆಯಲ್ಲ, ಪೂರ್ವಪಕ್ಷ ಎಂದು, ಎಂದು ನೀವು ಕೇಳಬಹುದು. ಎದುರಾಳಿಯ ವಾದವನ್ನು ಮೊದಲು ಮಂಡಿಸಿ ಆಮೇಲೆ ಖಂಡಿಸುವ ಶಾಸ್ತ್ರಮರ್ಯಾದೆ. ಹೆಮ್ಮೆಪಡುವಂಥದ್ದೇ. ಹದಿನಾಲ್ಕನೆಯ ಶತಮಾನದಲ್ಲಿ, ವಿಜಯನಗರದ ಕಾಲದಲ್ಲಿ ಮಾಧವಾಚಾರ್ಯರು ಬರೆದ ‘ಸರ್ವದರ್ಶನಸಂಗ್ರಹ’ ಶುರುವಾಗುವುದೇ ಚಾರ್ವಾಕ ದರ್ಶನದಿಂದ. ದೇವರಿಲ್ಲ, ಪರಲೋಕವಿಲ್ಲ ಎನ್ನುವವನಿಗೆ ಮೊದಲ ಎಲೆ. ಆದರೆ ಯೋಚಿಸಿ. ಚಾರ್ವಾಕರು ತಾವೇ ಬರೆದ ಮೂಲಗ್ರಂಥ ನಮ್ಮ ಕೈಯಲ್ಲಿಲ್ಲ. ಅವರ ಬಗ್ಗೆ ನಮಗೆ ಗೊತ್ತಿರುವುದು ಹೆಚ್ಚಿನಂಶ ಅವರನ್ನು ಖಂಡಿಸಿದವರು ಹೇಳಿದ್ದು. ಪ್ರತಿವಾದಿಯ ವಕೀಲನೇ ವಾದಿಯ ಹೇಳಿಕೆಯನ್ನೂ ಓದಿ ಹೇಳಿದ ಹಾಗೆ. ಸಾಲ ಮಾಡಿ ತುಪ್ಪ ತಿನ್ನು ಎಂದವರು ಎಂದಷ್ಟೇ ಇಂದಿಗೂ ಅವರ ಪರಿಚಯ ಉಳಿದಿರುವುದು ಇದರ ಫಲ.

ಪೂರ್ವಪಕ್ಷಕ್ಕಿಂತ ಒಂದು ಮೆಟ್ಟಿಲು ಮೇಲಿನದು ಲೈಬ್ರರಿ. ಅಲ್ಲಿ ಎದುರಾಳಿ ತನ್ನ ಮಾತನ್ನು ತಾನೇ, ಪೂರ್ತಿ, ತನ್ನ ಧ್ವನಿಯಲ್ಲಿ ಹೇಳುತ್ತಾನೆ. ಜಯರಾಶಿ ಭಟ್ಟನ ‘ತತ್ತ್ವೋಪಪ್ಲವಸಿಂಹ’ ಎಲ್ಲ ಪ್ರಮಾಣಗಳನ್ನೂ ಬುಡಮೇಲು ಮಾಡುವ ಗ್ರಂಥ. ಜೈನರ ಪ್ರಮಾಣಶಾಸ್ತ್ರವೂ ಅದರಲ್ಲಿ ಉಳಿಯುವುದಿಲ್ಲ. 1926ರಲ್ಲಿ ಅದರ ತಾಳೆಗರಿ ಸಿಕ್ಕಿದ್ದು ಎಲ್ಲಿ? ಗುಜರಾತಿನ ಪಾಟಣದ ಜೈನ ಭಂಡಾರದಲ್ಲಿ. 1940ರಲ್ಲಿ ಬರೋಡಾದಲ್ಲಿ ಅಚ್ಚಾಯಿತು. ಅಷ್ಟು ಶತಮಾನ ಆ ಗರಿಗಳನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟ ಜೈನ ಕೈಗಳಿಗೆ ಒಳಗಿರುವುದನ್ನು ಒಪ್ಪಲು ಯಾವ ಕಾರಣವೂ ಇರಲಿಲ್ಲ.

ಇನ್ನೂ ಹತ್ತಿರದ, ನನಗೆ ಇನ್ನೂ ಇಷ್ಟವಾದ ಕಥೆ ಪಂಡಿತಾ ರಮಾಬಾಯಿಯದು. 1858ರಲ್ಲಿ ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ, ಕಾರ್ಕಳದ ಮಾಳದ ಕಡೆಯ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳಾಗಿ ಹುಟ್ಟಿದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರವರ ನಿಷ್ಠುರ ಕಟ್ಟಿಕೊಂಡ ತಂದೆ. ಮಗಳು ಕಲ್ಕತ್ತೆಯಲ್ಲಿ ಪಂಡಿತೆ ಎನಿಸಿಕೊಂಡರು, ಪುಣೆಗೆ ಬಂದು 1882ರಲ್ಲಿ ಆರ್ಯ ಮಹಿಳಾ ಸಮಾಜ ಕಟ್ಟಿದರು, 1883ರಲ್ಲಿ ಇಂಗ್ಲೆಂಡಿನ ವಾಂಟೇಜಿಗೆ ಹೋಗಿ ಅಲ್ಲಿಯ ಕಾನ್ವೆಂಟಿನಲ್ಲಿದ್ದುಕೊಂಡು ಕ್ರೈಸ್ತರಾದರು. ಪುಣೆಯ ಸಂಪ್ರದಾಯಸ್ಥರಿಗೆ ಸಿಟ್ಟು ಬಂತು. ಮುಂದೆ 1893ರಲ್ಲಿ ಅವರ ಶಾರದಾ ಸದನದಲ್ಲಿ ಮತಾಂತರ ನಡೆಯುತ್ತಿದೆ ಎಂದು ಗದ್ದಲವೆದ್ದು, ‘ಕೇಸರಿ’ ಹರಿಹಾಯ್ದು, ಬೆಂಬಲಕ್ಕಿದ್ದ ರಾನಡೆ, ಭಂಡಾರ್ಕರ್ ಕೂಡ ಸಲಹಾ ಸಮಿತಿಯಿಂದ ಹಿಂದೆ ಸರಿದರು. ಈ ಅರ್ಧ ಕಥೆ ಎಲ್ಲರಿಗೂ ಗೊತ್ತು.

ಇನ್ನರ್ಧ ವಾಂಟೇಜಿನಲ್ಲಿದೆ. ರಮಾಬಾಯಿ ಅಲ್ಲಿಯ ಸನ್ಯಾಸಿನಿಯರಿಗೂ ಬಗ್ಗಲಿಲ್ಲ. ತ್ರಿತ್ವ ಸಿದ್ಧಾಂತವನ್ನು ಪ್ರಶ್ನಿಸಿದರು, ಚರ್ಚಿನ ಅಧಿಕಾರವನ್ನು ಪ್ರಶ್ನಿಸಿದರು, ಒಂದು ಪುರೋಹಿತಶಾಹಿಯಿಂದ ಬಿಡಿಸಿಕೊಂಡವಳು ಇನ್ನೊಂದಕ್ಕೆ ಯಾಕೆ ತಲೆಬಾಗಲಿ ಎಂಬ ಧಾಟಿಯಲ್ಲಿ ಕಾಗದ ಬರೆದರು. ಅವರ ಧರ್ಮಮಾತೆಯಂತಿದ್ದ ಸಿಸ್ಟರ್ ಜೆರಾಲ್ಡಿನ್‌ಗೆ ಇದು ಅಹಂಕಾರವಾಗಿ ಕಂಡಿತು, ಹಾಗೆಂದು ಬೈದು ಬರೆದರು ಕೂಡ. ಆದರೆ ಈಕೆ ಆ ಕಾಗದಗಳನ್ನು ಸುಡಲಿಲ್ಲ. ರಮಾಬಾಯಿಯ ಕಾಗದ, ತನ್ನ ಕಾಗದ, ಬಿಷಪ್ಪರ ಕಾಗದ, ಎಲ್ಲವನ್ನೂ ಜೋಡಿಸಿ ಇಟ್ಟರು. ತಾನು ಸೋತ ಜಗಳದ ಕಡತವನ್ನು ತಾನೇ ಕಾಪಾಡಿದರು. 1977ರಲ್ಲಿ ಅದು ಪುಸ್ತಕವಾಗಿ ಬಂತು. ಸಂಪಾದಿಸಿದ್ದು ಎ. ಬಿ. ಶಾ, ಯಾವ ಧರ್ಮದ ಹಂಗೂ ಇಲ್ಲದ ವಿಚಾರವಾದಿ. ಪ್ರಕಟಿಸಿದ್ದು ಮಹಾರಾಷ್ಟ್ರ ಸರ್ಕಾರದ ಸಾಹಿತ್ಯ ಸಂಸ್ಕೃತಿ ಮಂಡಳಿ. ಸನ್ಯಾಸಿನಿ ಇಟ್ಟದ್ದನ್ನು ನಾಸ್ತಿಕ ತಿದ್ದಿ ಸರ್ಕಾರ ಅಚ್ಚು ಹಾಕಿಸಿತು. ಸಿಸ್ಟರ್ ಜೆರಾಲ್ಡಿನ್ ತನಗೆ ಒಪ್ಪುವ ಹತ್ತು ಕಾಗದ ಮಾತ್ರ ಇಟ್ಟುಕೊಂಡಿದ್ದರೆ, ಇಂದು ರಮಾಬಾಯಿ ನಮಗೆ ಒಂದೋ ಮಿಶನರಿಗಳ ಕೈಗೊಂಬೆಯಾಗಿ, ಇಲ್ಲವೇ ಸಂತಳಾಗಿ ಮಾತ್ರ ಸಿಗುತ್ತಿದ್ದರು. ಎರಡೂ ಸುಳ್ಳು.

ಜೆರಾಲ್ಡಿನ್ ಮಾಡಿದ್ದನ್ನು ಸಹನೆ ಎನ್ನಲಾಗದು, ಅವರಿಗೆ ಸಹಿಸಲು ಆಗಿರಲಿಲ್ಲ. ಯುದ್ಧದ ತಯಾರಿಯೂ ಅಲ್ಲ. ಅದು ಪಾಲನೆ. ನನ್ನ ವಶಕ್ಕೆ ಬಂದದ್ದು ನನ್ನ ಸ್ವಂತದ್ದಲ್ಲ ಎನ್ನುವ ತಿಳಿವಳಿಕೆ.

ಇದರ ಇನ್ನೊಂದು ತುದಿಯೂ ಪುಣೆಯಲ್ಲೇ ಇದೆ. ಮೇಲೆ ಹೇಳಿದ ಭಂಡಾರ್ಕರರ ಹೆಸರಿನ ಪ್ರಾಚ್ಯವಿದ್ಯಾ ಸಂಸ್ಥೆಗೆ 2004ರ ಜನವರಿ 5ರಂದು ಗುಂಪೊಂದು ನುಗ್ಗಿತು. ಜೇಮ್ಸ್ ಲೇನ್ ಎಂಬ ಅಮೆರಿಕದ ವಿದ್ವಾಂಸ ಶಿವಾಜಿಯ ಬಗ್ಗೆ ಬರೆದ ಪುಸ್ತಕದಲ್ಲಿ ಆಕ್ಷೇಪಾರ್ಹ ಮಾತಿತ್ತು, ಆತ ಅಲ್ಲಿಯ ವಿದ್ವಾಂಸರಿಗೆ ವಂದನೆ ಹೇಳಿದ್ದ. ಅಷ್ಟಕ್ಕೆ ಕಪಾಟು ಒಡೆದರು, ಪುಸ್ತಕ ಎಸೆದರು, ಹಸ್ತಪ್ರತಿಗಳಿಗೆ ಕೈ ಹಚ್ಚಿದರು. ಸರ್ಕಾರ ಪುಸ್ತಕ ನಿಷೇಧಿಸಿತು, ಹೈಕೋರ್ಟು ಆ ನಿಷೇಧವನ್ನು ತೆಗೆಯಿತು, 2010ರಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. ಕಾನೂನಿನ ಲೆಕ್ಕ ಚುಕ್ತಾ ಆಯಿತು. ಗಮನಿಸಬೇಕಾದದ್ದು, ಏಟು ಬಿದ್ದದ್ದು ಪುಸ್ತಕ ಬರೆದವನಿಗಲ್ಲ, ಓದಲು ಜಾಗ ಕೊಟ್ಟವರಿಗೆ. ನೆಲದ ಮೇಲೆ ಬಿದ್ದ ಹಾಳೆಗಳು ಅಮೆರಿಕದವೂ ಅಲ್ಲ, ದಾಳಿ ಮಾಡಿದವರ ಅಜ್ಜಂದಿರ ಕಾಲದವು.

ಇಷ್ಟೆಲ್ಲ ಯೋಚನೆ ನನಗೆ ಹತ್ತಿಕೊಂಡದ್ದು ಒಂದು ಸಣ್ಣ ಜಗಳದಿಂದ. ಇಲ್ಲಿ ನಾವು ಕೆಲವು ಕನ್ನಡದ ಮನೆಯವರು ಸೇರಿ ಹೌಸಿಂಗ್ ಸೊಸೈಟಿಯ ಕ್ಲಬ್‌ಹೌಸಿನ ಮೇಲಿನ ಕೋಣೆಯಲ್ಲಿ ಎರಡು ಗೋದ್ರೇಜ್ ಕಪಾಟು ಇಟ್ಟುಕೊಂಡಿದ್ದೇವೆ. ಭಾನುವಾರ ಎರಡು ಗಂಟೆ ಲೈಬ್ರರಿ. ಕಳೆದ ವರ್ಷ ನಮ್ಮ ಹಿರಿಯರೊಬ್ಬರು ತೀರಿಕೊಂಡರು. ನಲವತ್ತು ವರ್ಷ ಪುಣೆಯಲ್ಲಿ ಕೂತು ಊರಿಂದ ಪುಸ್ತಕ ತರಿಸಿ ಓದಿದವರು. ಮಕ್ಕಳು ಹೊರದೇಶದಲ್ಲಿದ್ದಾರೆ, ಪುಸ್ತಕಗಳನ್ನೆಲ್ಲ ನಮಗೆ ಕೊಟ್ಟರು. ಬಿಚ್ಚಿ ನೋಡಿದರೆ ಅದರಲ್ಲಿ ಮೂವತ್ತರಷ್ಟು ಎಲ್ಲರಿಗೂ ಒಂದಲ್ಲ ಒಂದು ಕಡೆ ಚುಚ್ಚುವಂಥವು. ಹಳೆಯ ಮಿಶನರಿ ಕರಪತ್ರಗಳ ಕಟ್ಟು, ನಮ್ಮ ದೇವರುಗಳನ್ನು ಹೀಯಾಳಿಸಿದವು. ಅದಕ್ಕೆ ಉತ್ತರವಾಗಿ ಬಂದ, ಅಷ್ಟೇ ಹೊಲಸು ಬಾಯಿಯ ಪುಸ್ತಿಕೆಗಳು. ನಾಸ್ತಿಕರವು. ಎರಡು ಜಾತಿಗಳು ಪರಸ್ಪರ ಬೈದುಕೊಂಡವು. ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಬರೆದರು, ರದ್ದಿಯವನಿಗೆ ಹಾಕಿ, ಮಕ್ಕಳು ಬರುವ ಜಾಗ. ಇನ್ನೊಬ್ಬರು, ಇದನ್ನು ಇಟ್ಟರೆ ನಾವು ಒಪ್ಪಿದ ಹಾಗೆ ಅಲ್ಲವೇ?

ಮಕ್ಕಳ ಮಾತು ನಿಜವಾದ ಮಾತು, ತಳ್ಳಿಹಾಕುವುದಿಲ್ಲ. ಎರಡನೆಯ ಮಾತನ್ನು ಮಾತ್ರ ನಾನು ಒಪ್ಪಲಾರೆ. ಒಂದು ಪುಸ್ತಕವನ್ನು ಇಡುವುದು, ಮುಂದೆ ಜೋಡಿಸಿ ತೋರಿಸುವುದು, ಓದಿ ಎಂದು ಶಿಫಾರಸು ಮಾಡುವುದು, ಇವು ಮೂರು ಬೇರೆ ಬೇರೆ ಕೆಲಸ. ಮೂರನೆಯದಕ್ಕೆ ನಮ್ಮ ಒಪ್ಪಿಗೆ ಬೇಕು. ಎರಡನೆಯದಕ್ಕೆ ವಿವೇಕ ಬೇಕು, ಹತ್ತು ವರ್ಷದ ಹುಡುಗಿಯ ಕೈಗೆಟುಕುವ ತಟ್ಟೆಯಲ್ಲಿ ಜಾತಿನಿಂದೆಯ ಪುಸ್ತಿಕೆ ಇಡಬೇಕಾಗಿಲ್ಲ. ಮೊದಲನೆಯದಕ್ಕೆ ಬೇಕಾದದ್ದು ಗೆದ್ದಲಿನ ಔಷಧ ಮತ್ತು ಒಂದು ಪಟ್ಟಿ. ಪಟ್ಟಿ ಮುಖ್ಯ. ಹೆಸರು ಬರೆಯದೆ ಅಟ್ಟದ ಮೇಲೆ ಇಟ್ಟರೆ ಅದು ಬೀಗದ ಕಪಾಟಿಗಿಂತ ಕಡೆ. ಇದೆ ಎಂದೇ ಗೊತ್ತಿಲ್ಲದ್ದನ್ನು ಯಾರು ಕೇಳುತ್ತಾರೆ?

ನನ್ನ ಕಸುಬಿನಲ್ಲಿ ದತ್ತಾಂಶಕ್ಕೆ ಆಯುಷ್ಯ ಗೊತ್ತುಮಾಡುತ್ತೇವೆ. ಇದು ಮೂರು ವರ್ಷ, ಅದು ಏಳು ವರ್ಷ, ಆಮೇಲೆ ಅಳಿಸು. ಯಾರೂ ತೆರೆಯದ ಫೈಲಿಗೆ ಯಾಕೆ ಬಾಡಿಗೆ ಎಂದು ಕ್ಲೈಂಟ್ ಕೇಳಿದರೆ ನನ್ನಲ್ಲೂ ಉತ್ತರವಿಲ್ಲ. ಜಾಗದ ಪ್ರಶ್ನೆ ಸುಳ್ಳಲ್ಲ. ಲೈಬ್ರರಿ ಬೆಳೆಯುವ ಜೀವಿ ಎಂಬ ಅರ್ಥದ ಮಾತನ್ನು ರಂಗನಾಥನ್ ತಮ್ಮ ಐದು ಸೂತ್ರಗಳಲ್ಲಿ ಸೇರಿಸಿದರು, ಪುಣ್ಯಾತ್ಮರು ನಮ್ಮ ಹತ್ತು ಬೈ ಹನ್ನೆರಡರ ಕೋಣೆ ನೋಡಿರಲಿಲ್ಲ. ತೆಗೆಯಲೇಬೇಕಾದರೆ ಬೇರೆಡೆ ಸಿಗುವುದನ್ನು ಮೊದಲು ತೆಗೆಯೋಣ ಎಂದೆ. ಭೈರಪ್ಪನವರ ಒಂದೇ ಕಾದಂಬರಿಯ ಮೂರು ಪ್ರತಿ ಇದ್ದರೆ ಎರಡನ್ನು ಯಾರಿಗಾದರೂ ಕೊಡೋಣ. ಎಲ್ಲಿಯೂ ಸಿಗದ, ನಮ್ಮನ್ನೇ ಬೈಯುವ ಕರಪತ್ರಕ್ಕೆ ಆ ಜಾಗ ಇರಲಿ. ನಮ್ಮ ಅಜ್ಜಂದಿರನ್ನು ಯಾರು ಹೇಗೆ ಬೈದರು, ಅವರು ತಿರುಗಿ ಹೇಗೆ ಬೈದರು ಎಂದು ನೋಡಲು ಮುಂದೆ ಯಾರಾದರೂ ಬಂದರೆ, ಆ ಬೈಗುಳ ನಾವು ನೆನಪಿಟ್ಟುಕೊಂಡ ರೂಪದಲ್ಲಿ ಅಲ್ಲ, ಇದ್ದ ರೂಪದಲ್ಲಿ ಸಿಗಬೇಕು. ನೆನಪಿನ ಬೈಗುಳ ವರ್ಷ ಹೋದಂತೆ ಬೆಳೆಯುತ್ತದೆ. ಅಚ್ಚಿನಲ್ಲಿರುವುದು ಅಷ್ಟಕ್ಕೇ ಇರುತ್ತದೆ.

ಸಭೆಯಲ್ಲಿ ಒಮ್ಮತ ಆಗಲಿಲ್ಲ. ಗಣಪತಿ ಹಬ್ಬ ಕಳೆಯಲಿ ಎಂದರು, ದೀಪಾವಳಿಯೂ ಕಳೆಯಿತು. ಸದ್ಯಕ್ಕೆ ಆ ಮೂವತ್ತು ಪುಸ್ತಕ ನಮ್ಮ ಮನೆಯ ಅಟ್ಟದಲ್ಲಿವೆ, ಪ್ಲಾಸ್ಟಿಕ್ ಡಬ್ಬದಲ್ಲಿ, ಬೇವಿನ ಎಲೆ ಹಾಕಿ. ರಿಜಿಸ್ಟರಿನಲ್ಲಿ ಎಲ್ಲದರ ಹೆಸರೂ ಬರೆದಿದ್ದೇನೆ, ಅದಕ್ಕೆ ಯಾರೂ ತಕರಾರು ಮಾಡಿಲ್ಲ. ಹೋದ ವಾರ ಪಟ್ಟಿ ನೋಡಿದ ಒಬ್ಬ ವಿದ್ಯಾರ್ಥಿನಿ ಅದರಲ್ಲಿ ಒಂದನ್ನು ಕೇಳಿದ್ದಾಳೆ. ಭಾನುವಾರದೊಳಗೆ ಇಳಿಸಬೇಕು. ಏಣಿ ಪಕ್ಕದ ಮನೆಯವರದ್ದು, ಅವರು ಊರಿಗೆ ಹೋಗಿದ್ದಾರೆ.